ಸಣ್ಣ ದೋಷಕ್ಕೆ ಇಷ್ಟು ದೊಡ್ಡ ದಾವೆ ಏಕೆ? ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಟ್ಯಾಬ್ಲೆಟ್ ಪರದೆಗಳ ಸಣ್ಣಪುಟ್ಟ ದೋಷಗಳಿಗಾಗಿ ಅಮೆರಿಕದ ಗ್ರಾಹಕರು ಹೂಡಿರುವ ದಾವೆಗಳನ್ನು ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ದೀರ್ಘ ಆಕ್ಷೇಪ ತಲುಪಿದೆ. ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಹುಡುಕಿ ನೋಡಿದರೆ ಮಾತ್ರ ಕಾಣುವ ಕುಂದಿಗೆ ಕೋರ್ಟಿನ ಮೆಟ್ಟಿಲು ಹತ್ತುವುದು ಅತಿರೇಕ. ಲಕ್ಷಗಟ್ಟಲೆ ತಯಾರಾಗುವ ಯಾವ ವಸ್ತುವೂ ಪರಿಪೂರ್ಣವಾಗಿರಲು ಸಾಧ್ಯವಿಲ್ಲ. ಇಂಥ ದಾವೆಗಳಲ್ಲಿ ಗ್ರಾಹಕನಿಗೆ ಸಿಗುವುದು ಪುಡಿಗಾಸು, ಲಾಭವೆಲ್ಲ ವಕೀಲರದು. ಕೊನೆಗೆ ಆ ಖರ್ಚನ್ನು ಕಂಪನಿಗಳು ಮುಂದಿನ ಮಾದರಿಯ ಬೆಲೆಗೆ ಸೇರಿಸಿ ಎಲ್ಲರಿಂದಲೂ ವಸೂಲು ಮಾಡುತ್ತವೆ. ಇವು ತಮ್ಮ ವಾದಗಳು. ಇಷ್ಟು ಕ್ಷುಲ್ಲಕ ವಿಷಯಕ್ಕೆ ಪತ್ರಿಕೆ ಪುಟಗಳನ್ನು ಕೊಡಬೇಕಿತ್ತೇ ಎಂದೂ ಕೇಳಿದ್ದೀರಿ.

ಇವುಗಳಲ್ಲಿ ಎರಡನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಯಾವುವೆಂದು ಮುಂದೆ ಹೇಳುತ್ತೇನೆ. ಆದರೆ ತಮ್ಮ ಪತ್ರದ ಬುನಾದಿಯಾಗಿರುವ ನಂಬಿಕೆಯನ್ನು, ಅಂದರೆ ದೋಷ ಚಿಕ್ಕದಾದರೆ ದೂರೂ ಚಿಕ್ಕದು ಎಂಬುದನ್ನು, ಒಪ್ಪಲಾರೆ. ಹಣ ಕೈಬದಲಾಗುವ ಮುನ್ನ ಮಾರುವವನಿಗೆ ಏನು ಗೊತ್ತಿತ್ತು, ಅದರಲ್ಲಿ ಎಷ್ಟನ್ನು ಆತ ಕೊಳ್ಳುವವನಿಗೆ ತಿಳಿಸಿದ ಎಂಬುದೇ ಈ ದಾವೆಗಳಲ್ಲಿ ನಿಜವಾಗಿ ತೀರ್ಮಾನವಾಗಬೇಕಾದ ಸಂಗತಿ.

ತಾವು ಮುಖ್ಯವಾಗಿ ಆಕ್ಷೇಪಿಸಿರುವ ಪ್ರಕರಣವನ್ನೇ ತೆಗೆದುಕೊಳ್ಳೋಣ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಆರನೆಯ ತಲೆಮಾರಿನ ಐಪ್ಯಾಡ್ ಮಿನಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರದು 8.3 ಅಂಗುಲದ ಎಲ್‌ಸಿಡಿ ಪರದೆ. ಅಮೆರಿಕದಲ್ಲಿ ಆಗ ಬೆಲೆ 499 ಡಾಲರಿನಿಂದ ಆರಂಭವಾಗುತ್ತಿತ್ತು. ಅದು ಕೈಗೆ ಬಂದ ಕೆಲವೇ ದಿನಗಳಲ್ಲಿ ಹಲವರಿಗೆ ಒಂದು ವಿಚಿತ್ರ ಕಾಣಿಸಿತು. ಸಾಧನವನ್ನು ನೆಟ್ಟಗೆ ಹಿಡಿದು ಬರಹವನ್ನು ಮೇಲಕ್ಕೆ ಸರಿಸುವಾಗ ಪರದೆಯ ಒಂದು ಪಕ್ಕ ಇನ್ನೊಂದು ಪಕ್ಕಕ್ಕಿಂತ ತುಸು ಹಿಂದೆ ಬೀಳುತ್ತಿತ್ತು. ಸಾಲುಗಳು ಓರೆಯಾಗಿ ಎಳೆದಂತೆ ಕಾಣುತ್ತಿದ್ದವು. ಬೆರಳು ನಿಂತೊಡನೆ ಎಲ್ಲವೂ ಮತ್ತೆ ನೇರವಾಗುತ್ತಿತ್ತು. ಬಳಕೆದಾರರು ಇದನ್ನು ಜೆಲ್ಲಿ ಸ್ಕ್ರೋಲಿಂಗ್ ಎಂದು ಕರೆದರು.

ಇದರ ಕಾರಣ ನಿಗೂಢವಾದುದೇನಲ್ಲ. ಎಲ್‌ಸಿಡಿ ಪರದೆ ಇಡೀ ಚಿತ್ರವನ್ನು ಒಂದೇ ಏಟಿಗೆ ಬದಲಿಸುವುದಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ಬದಲಿಸುತ್ತಾ ಹೋಗುತ್ತದೆ. ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ತೋರಿಸುವ ಪರದೆಯಲ್ಲಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಹೆಚ್ಚೆಂದರೆ ಸುಮಾರು 16 ಮಿಲಿಸೆಕೆಂಡಿನ ಅಂತರವಿರುತ್ತದೆ. ಈ ಬದಲಾವಣೆ ಮೇಲಿನಿಂದ ಕೆಳಕ್ಕೆ ಸಾಗುತ್ತಿದ್ದರೆ, ಪುಟವನ್ನು ಮೇಲೆ ಕೆಳಗೆ ಸರಿಸುವಾಗ ಬರಹ ಕೂದಲೆಳೆಯಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಅದೇ ಬದಲಾವಣೆ ಎಡಬಲವಾಗಿ ಸಾಗುತ್ತಿದ್ದರೆ ಬರಹದ ಒಂದೇ ಸಾಲಿನ ಮೊದಲ ಪದ ಮುಂದೆ ಹೋಗಿರುತ್ತದೆ, ಕೊನೆಯ ಪದ ಇನ್ನೂ ಹಳೆಯ ಜಾಗದಲ್ಲಿ ಇರುತ್ತದೆ. ಸಾಧನಗಳನ್ನು ಬಿಚ್ಚಿ ಪರೀಕ್ಷಿಸುವ ಐಫಿಕ್ಸಿಟ್ ಸಂಸ್ಥೆಯವರು ಈ ಐಪ್ಯಾಡ್ ಮಿನಿಯನ್ನು ತೆರೆದು ನೋಡಿ, ಪರದೆಯನ್ನು ನಡೆಸುವ ಸರ್ಕ್ಯೂಟ್ ಪಟ್ಟಿ ಇದರಲ್ಲಿ ಪಕ್ಕದ ಅಂಚಿನಲ್ಲಿದೆ, ಐಪ್ಯಾಡ್ ಏರ್‌ನಲ್ಲಿ ಅದು ಮೇಲಂಚಿನಲ್ಲಿದೆ ಎಂದು ತೋರಿಸಿದರು.

ಈ ಓರೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಬೆರಳಿನಿಂದ ತುಸು ರಭಸವಾಗಿ ತಳ್ಳಿದಾಗ ಪುಟ ಸೆಕೆಂಡಿಗೆ 15 ಸೆಂಟಿಮೀಟರ್ ವೇಗದಲ್ಲಿ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಅದು ಕ್ರಮಿಸುವ ದೂರ ಎರಡೂವರೆ ಮಿಲಿಮೀಟರ್. ಅಂದರೆ ಎಡ ತುದಿಗೂ ಬಲ ತುದಿಗೂ ನಡುವೆ ಆ ಕ್ಷಣದಲ್ಲಿ ಹೆಚ್ಚುಕಡಿಮೆ ಒಂದು ಅಕ್ಷರದ ಎತ್ತರದಷ್ಟು ವ್ಯತ್ಯಾಸ. ಹುಡುಕಿ ನೋಡಿದರೆ ಮಾತ್ರ ಕಾಣುತ್ತದೆ ಎಂದು ತಾವು ಬರೆದಿರುವುದು ಅನೇಕರ ಮಟ್ಟಿಗೆ ಸರಿ. ಆದರೆ ಒಮ್ಮೆ ಕಂಡವರಿಗೆ ಅದು ಮತ್ತೆ ಮತ್ತೆ ಕಾಣುತ್ತಲೇ ಇರುತ್ತದೆ, ಮತ್ತು ಓದಲೆಂದೇ ಆ ಚಿಕ್ಕ ಸಾಧನವನ್ನು ಕೊಂಡವರು ದಿನಕ್ಕೆ ಗಂಟೆಗಟ್ಟಲೆ ಮಾಡುವ ಕೆಲಸವೇ ಪುಟ ಸರಿಸುವುದು. 2022ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ಗ್ರಾಹಕರೊಬ್ಬರು ಇದೇ ಮಾದರಿಯನ್ನು ಕೊಂಡ ಎಲ್ಲರ ಪರವಾಗಿ ಹೂಡಿದ ದಾವೆಯಲ್ಲಿ, ಬರಹ ಬಾಗಿದಂತೆ ಮಸುಕಾಗುತ್ತದೆ ಎಂಬ ದೂರಿನ ಜೊತೆಗೆ ವಾಕರಿಕೆ, ತಲೆನೋವುಗಳ ಆರೋಪವೂ ಇತ್ತು. ಅದು ಆರೋಪ, ಸಾಬೀತಾದ ಸಂಗತಿಯಲ್ಲ. ಆದರೂ ದೂರುದಾರರಿಗೆ ಅದು ಕ್ಷುಲ್ಲಕವಾಗಿರಲಿಲ್ಲ ಎಂಬುದಂತೂ ಸ್ಪಷ್ಟ.

ದಾವೆಗೆ ಮುಂಚೆ, 2021ರಲ್ಲಿಯೇ, ಆಪಲ್ ಕಂಪನಿ ತಂತ್ರಜ್ಞಾನದ ಸುದ್ದಿತಾಣವೊಂದಕ್ಕೆ ಉತ್ತರ ಕೊಟ್ಟಿತ್ತು. ಎಲ್‌ಸಿಡಿ ಪರದೆಗಳು ಸಾಲುಸಾಲಾಗಿ ಬದಲಾಗುವುದರಿಂದ ಮೊದಲ ಸಾಲಿಗೂ ಕೊನೆಯ ಸಾಲಿಗೂ ಸಣ್ಣ ಅಂತರ ಬರುವುದು ಸಹಜ ಎಂಬುದು ಅದರ ತಾತ್ಪರ್ಯ. ವಿಜ್ಞಾನದ ದೃಷ್ಟಿಯಿಂದ ಈ ಮಾತಿನಲ್ಲಿ ತಪ್ಪಿಲ್ಲ. ನನ್ನ ತಕರಾರು ಅದು ಬಂದ ಹೊತ್ತಿನ ಬಗ್ಗೆ. ಪರದೆಯ ಹೊಳಪು, ಪಿಕ್ಸೆಲ್‌ಗಳ ಸಾಂದ್ರತೆ, ಬಣ್ಣಗಳ ವ್ಯಾಪ್ತಿ ಎಲ್ಲವನ್ನೂ ಅಂಕಿಗಳಲ್ಲಿ ಬರೆದು ಮಾರುವ ಕಂಪನಿ, ತನ್ನ ವಿನ್ಯಾಸದಿಂದಲೇ ಬರುವ ಒಂದು ಪರಿಣಾಮವನ್ನು ಮಾತ್ರ ಜನರು ದೂರು ಹೇಳಿದ ಮೇಲೆ ವಿವರಿಸಿತು. ಸರ್ಕ್ಯೂಟ್ ಪಟ್ಟಿಯನ್ನು ಯಾವ ಅಂಚಿನಲ್ಲಿ ಇಡಬೇಕೆಂದು ತೀರ್ಮಾನಿಸಿದ ಎಂಜಿನಿಯರುಗಳಿಗೆ ಪರದೆ ಯಾವ ದಿಕ್ಕಿನಲ್ಲಿ ಬದಲಾಗುತ್ತದೆ ಎಂಬುದು ತಿಳಿದಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ. ತಿಳಿಸಿದ್ದರೆ ಕೊಳ್ಳುವವನು ಅಂಗಡಿಯಲ್ಲೇ ಸರಿಸಿ ನೋಡಿ, ಬೇಕೋ ಬೇಡವೋ ತೀರ್ಮಾನಿಸುತ್ತಿದ್ದ. ಬಹುಪಾಲು ಜನ ಬಹುಶಃ ಕೊಳ್ಳುತ್ತಲೂ ಇದ್ದರು.

ಇನ್ನು ಪರಿಪೂರ್ಣತೆಯ ಪ್ರಶ್ನೆ. ನಾನು ಒಪ್ಪುತ್ತೇನೆ ಎಂದ ಎರಡು ಮಾತುಗಳಲ್ಲಿ ಇದು ಮೊದಲನೆಯದು. ಅದೇ ಐಪ್ಯಾಡ್ ಮಿನಿಯಲ್ಲಿ 2266 ಉದ್ದ, 1488 ಅಗಲದ ಲೆಕ್ಕದಲ್ಲಿ 33 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿವೆ. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳಿರುವುದರಿಂದ ಪ್ರತ್ಯೇಕವಾಗಿ ಕೆಲಸ ಮಾಡಬೇಕಾದ ಚುಕ್ಕಿಗಳ ಸಂಖ್ಯೆ ಒಂದು ಕೋಟಿ ದಾಟುತ್ತದೆ. ಇಷ್ಟರಲ್ಲಿ ಒಂದೂ ಕೆಡಬಾರದು ಎಂದು ಪಟ್ಟು ಹಿಡಿದರೆ ಕಾರ್ಖಾನೆ ಬಹುಮಟ್ಟಿಗೆ ಚೆನ್ನಾಗಿಯೇ ಇರುವ ಎಷ್ಟೋ ಪರದೆಗಳನ್ನು ಎಸೆಯಬೇಕಾಗುತ್ತದೆ, ಬೆಲೆ ಏರುತ್ತದೆ. ಇದು ಉದ್ಯಮಕ್ಕೆ ಮೊದಲಿನಿಂದಲೂ ಗೊತ್ತಿದ್ದದ್ದೇ. ಆದ್ದರಿಂದಲೇ 2001ರಲ್ಲಿ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಐಎಸ್‌ಒ ಸಂಸ್ಥೆ 13406-2 ಎಂಬ ಮಾನದಂಡದಲ್ಲಿ ಪರದೆಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯಲ್ಲಿ ಒಂದೂ ಕೆಟ್ಟ ಪಿಕ್ಸೆಲ್ ಇರುವಂತಿಲ್ಲ. ಎರಡನೆಯ ದರ್ಜೆಯಲ್ಲಿ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಸದಾ ಬೆಳಗುತ್ತಿರುವ ಎರಡು, ಸದಾ ಕಪ್ಪಾಗಿರುವ ಎರಡು, ಜೊತೆಗೆ ಭಾಗಶಃ ಕೆಟ್ಟ ಐದರವರೆಗೆ ವಿನಾಯಿತಿ. ಮುಂದೆ ಐಎಸ್‌ಒ 9241 ಸರಣಿಯ ಮಾನದಂಡಗಳು ಇದರ ಸ್ಥಾನಕ್ಕೆ ಬಂದವು. ಈ ಲೆಕ್ಕವನ್ನು 33 ಲಕ್ಷ ಪಿಕ್ಸೆಲ್‌ಗಳ ಪರದೆಗೆ ಹಚ್ಚಿದರೆ ಕಪ್ಪು ಪುಟದ ಮೇಲೆ ಆರು ಬಿಳಿ ಚುಕ್ಕಿಗಳು ಸದಾ ಮಿನುಗುತ್ತಿದ್ದರೂ ಅದು ಎರಡನೆಯ ದರ್ಜೆಯೊಳಗೇ ಇರುತ್ತದೆ. ಇದು ನ್ಯಾಯವೇ ಅಲ್ಲವೇ ಎಂದು ಚರ್ಚಿಸಬಹುದು, ಏಕೆಂದರೆ ಚರ್ಚಿಸಲು ಅಲ್ಲೊಂದು ಸಂಖ್ಯೆಯಿದೆ. ತಾನು ಕೊಳ್ಳುತ್ತಿರುವ ಟ್ಯಾಬ್ಲೆಟ್ ಯಾವ ದರ್ಜೆಯದು, ಎಷ್ಟು ಚುಕ್ಕಿ ಕೆಟ್ಟರೆ ಬದಲಿಸಿಕೊಡುತ್ತಾರೆ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ ತಿಳಿಯುವ ಅವಕಾಶ ಮಾತ್ರ ಗ್ರಾಹಕನಿಗೆ ಇಲ್ಲ.

ಹೀಗೆ ಬಹಿರಂಗವಾಗಿ ಹೇಳುವುದು ಅಸಾಧ್ಯವೇನೂ ಅಲ್ಲ. ಡೆಲ್ ಕಂಪನಿ ತನ್ನ ಕೆಲವು ಮಾನಿಟರ್‌ಗಳಲ್ಲಿ ಸದಾ ಬೆಳಗುವ ಒಂದೇ ಒಂದು ಪಿಕ್ಸೆಲ್ ಕಂಡರೂ ಬದಲಿಸಿಕೊಡುವ ಭರವಸೆಯನ್ನು ಬರೆದೇ ಕೊಡುತ್ತದೆ. 2018ರ ಐಪ್ಯಾಡ್ ಪ್ರೊ ಮಾದರಿಗಳ ಚೌಕಟ್ಟು ಬಾಗಿದೆ ಎಂಬ ದೂರುಗಳು ಬಂದಾಗ, ಯಾವುದೇ ಅಂಚಿನ ಉದ್ದಕ್ಕೂ 400 ಮೈಕ್ರಾನ್‌ಗಿಂತ ಹೆಚ್ಚು ಬಾಗು ಇರಬಾರದು ಎಂಬುದು ತನ್ನ ನಿಯಮ, ಅದು ನಾಲ್ಕು ಹಾಳೆಗಳ ದಪ್ಪಕ್ಕಿಂತ ಕಡಿಮೆ ಎಂದು ಆಪಲ್ ಪ್ರಕಟಿಸಿತು. ಆ ಉತ್ತರವೂ ದೂರುಗಳ ನಂತರವೇ ಬಂತು, ಎಲ್ಲರಿಗೂ ಸಮಾಧಾನವನ್ನೂ ತರಲಿಲ್ಲ. ಆದರೂ ಗ್ರಾಹಕನ ಕೈಗೆ ಅದರಿಂದ ಒಂದು ಅಳತೆ ಸಿಕ್ಕಿತು. ನೇರಪಟ್ಟಿ ಇಟ್ಟು ನೋಡಿ, ತನ್ನದು ಮಿತಿಯ ಒಳಗಿದೆಯೇ ಹೊರಗಿದೆಯೇ ಎಂದು ಹೇಳಬಹುದಾಯಿತು. ಪರದೆಯ ಅಂಚಿನಲ್ಲಿ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕು, ಸೋರುವುದಕ್ಕೆ, ಬಿಳಿ ಪುಟದ ಒಂದು ಮೂಲೆ ಹಳದಿಗೆ ತಿರುಗುವುದಕ್ಕೆ, ಓರೆಯಾಗಿ ಸರಿಯುವುದಕ್ಕೆ ಅಂಥ ಅಳತೆಯನ್ನು ಯಾರೂ ಕೊಡುತ್ತಿಲ್ಲ. ಸರ್ವಿಸ್ ಸೆಂಟರಿನ ಮೇಜಿನ ಆಚೆ ಕುಳಿತವರು ನೋಡಿ ಸರಿಯಿದೆ ಎಂದರೆ ಮಾತು ಮುಗಿಯಿತು.

ತಾವು ಭಾವಿಸಿರುವಂತೆ ಇಂಥ ದಾವೆಗಳನ್ನು ಗೆಲ್ಲುವುದು ಸುಲಭವಲ್ಲ. ಮಾರಿದ ವಸ್ತು ಅದರ ಸಾಮಾನ್ಯ ಬಳಕೆಗೆ ಯೋಗ್ಯವಾಗಿರಬೇಕು ಎಂಬ ಅಲಿಖಿತ ಭರವಸೆಯನ್ನು ಅಮೆರಿಕದ ಕಾನೂನು ಮಾನ್ಯ ಮಾಡುತ್ತದೆ, ನಿಜ. ಆದರೆ ಪುಟ ಸರಿಸುವಾಗ ಬರಹ ಓರೆಯಾದರೂ ನಿಂತಾಗ ಓದಲು ಬರುತ್ತದಲ್ಲ, ಯೋಗ್ಯತೆಗೆ ಏನು ಕೊರತೆ ಎಂದು ಪ್ರತಿವಾದಿ ಕೇಳುತ್ತಾನೆ. ಮುಚ್ಚಿಟ್ಟರು ಎಂದು ಆರೋಪಿಸುವವರು, ಮಾರುವ ಮೊದಲೇ ಕಂಪನಿಗೆ ದೋಷ ತಿಳಿದಿತ್ತು ಎಂಬುದನ್ನೂ ತೋರಿಸಬೇಕು. ಕ್ಯಾಲಿಫೋರ್ನಿಯದ ಕಾನೂನಿನಡಿ ಬರುವ ಇಂಥ ಪ್ರಕರಣಗಳಲ್ಲಿ, ದೋಷದಿಂದ ಸುರಕ್ಷತೆಗೆ ಅಪಾಯವಿದೆ ಅಥವಾ ವಸ್ತುವಿನ ಮುಖ್ಯ ಉಪಯೋಗಕ್ಕೇ ಧಕ್ಕೆಯಿದೆ ಎಂದು ತೋರಿಸಬೇಕೆಂಬ ವಾದವೂ ಎದುರಾಗುತ್ತದೆ. ಅದರ ಮೇಲೆ, ತಾನೊಬ್ಬನಷ್ಟೇ ಅಲ್ಲದೆ ಅದೇ ಮಾದರಿ ಕೊಂಡ ಎಲ್ಲರೂ ಒಂದೇ ರೀತಿಯ ನಷ್ಟ ಅನುಭವಿಸಿದ್ದಾರೆ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಟ್ಟು ಸಾಮೂಹಿಕ ದಾವೆಗೆ ಅನುಮತಿ ಪಡೆಯಬೇಕು. ಇವುಗಳಲ್ಲಿ ಯಾವುದೇ ಒಂದು ಹಂತದಲ್ಲಿ ದಾವೆ ಬಿದ್ದುಹೋಗಬಹುದು.

ಬೀಳಬೇಕಾದವು ಬಿದ್ದೂ ಇವೆ. 2018ರ ಕೊನೆಯಲ್ಲಿ ಐಫೋನ್ ಪರದೆಯ ಮೂಲೆಗಳು ದುಂಡಗಿವೆ, ಮೇಲ್ಭಾಗದಲ್ಲಿ ಕ್ಯಾಮೆರಾಗೆ ಜಾಗ ಬಿಟ್ಟಿದೆ, ಆದ್ದರಿಂದ ಹೇಳಿದಷ್ಟು ಅಳತೆ, ಹೇಳಿದಷ್ಟು ಪಿಕ್ಸೆಲ್‌ಗಳು ಇಲ್ಲ ಎಂಬ ದಾವೆ ಹೂಡಲಾಯಿತು. ನ್ಯಾಯಾಲಯ ಅದನ್ನು ವಜಾ ಮಾಡಿತು. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ದುಂಡು ಮೂಲೆಗಳು ಜಾಹೀರಾತಿನ ಚಿತ್ರದಲ್ಲೂ ಎದುರಿಗೇ ಕಾಣುತ್ತವೆ. ಅಂಗಡಿಯಲ್ಲಿ ಕೈಗೆತ್ತಿಕೊಂಡವನಿಗೆ ತಿಳಿಯದಂತೆ ಅಡಗಿದ್ದದ್ದು ಅಲ್ಲಿ ಏನೂ ಇರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ 2007ರದು. ಆಪಲ್‌ನ ಲ್ಯಾಪ್‌ಟಾಪುಗಳು ಹತ್ತಾರು ಲಕ್ಷ ಬಣ್ಣಗಳನ್ನು ತೋರಿಸುತ್ತವೆ ಎಂದು ಪ್ರಚಾರ ಮಾಡಲಾಗಿತ್ತು, ಆದರೆ ಪರದೆ ನಿಜವಾಗಿ ತೋರಿಸುತ್ತಿದ್ದ ಬಣ್ಣಗಳು ಬಹಳ ಕಡಿಮೆ, ಉಳಿದವು ಅಕ್ಕಪಕ್ಕದ ಚುಕ್ಕಿಗಳನ್ನು ಬೆರೆಸಿ ಹುಟ್ಟಿಸಿದ ಭ್ರಮೆ ಎಂಬುದು ಆ ದಾವೆಯ ದೂರು. ಒಂದೊಂದು ಮೂಲವರ್ಣಕ್ಕೆ 6 ಬಿಟ್, ಅಂದರೆ 64 ಛಾಯೆಗಳು, ಇರುವ ಪರದೆ ಸ್ವಂತವಾಗಿ ತೋರಬಲ್ಲದ್ದು 2,62,144 ಬಣ್ಣಗಳನ್ನು. 8 ಬಿಟ್, ಅಂದರೆ 256 ಛಾಯೆಗಳು, ಇದ್ದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ಫೋಟೋ ತಿದ್ದುವವರಿಗೆ, ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಕಂಡಾಗಲ್ಲದೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಗಡಿಯ ಬೆಳಕಿನಲ್ಲಿ ಅದು ಯಾರಿಗೂ ಕಾಣದು. ಈ ದಾವೆ ಕೊನೆಗೆ ರಾಜಿಯಲ್ಲಿ ಮುಗಿಯಿತು. ಎರಡೂ ಸಣ್ಣ ದೋಷಗಳೇ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಈಗ ಪುಡಿಗಾಸಿನ ಮಾತಿಗೆ ಬರುತ್ತೇನೆ. ತಾವು ಇದನ್ನು ದಾವೆಗಳ ವಿರುದ್ಧದ ವಾದವಾಗಿ ಮುಂದಿಟ್ಟಿದ್ದೀರಿ. ನನಗೆ ಇದು ಸಾಮೂಹಿಕ ದಾವೆ ಏಕೆ ಬೇಕು ಎಂಬುದರ ಸಮರ್ಥನೆಯಾಗಿ ಕಾಣುತ್ತದೆ. 499 ಡಾಲರಿನ ವಸ್ತುವಿನಲ್ಲಿ ಈ ದೋಷದಿಂದ ಒಬ್ಬನಿಗೆ ಆದ ನಷ್ಟ ಮೂವತ್ತೋ ನಲವತ್ತೋ ಡಾಲರ್ ಎಂದಿಟ್ಟುಕೊಂಡರೆ, ಅದಕ್ಕಾಗಿ ಯಾವ ವಿವೇಕಿಯೂ ವಕೀಲರನ್ನು ಹಿಡಿಯುವುದಿಲ್ಲ. 2004ರ ತೀರ್ಪೊಂದರಲ್ಲಿ ಅಮೆರಿಕದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಇದನ್ನು ನೇರವಾಗಿಯೇ ಹೇಳಿದರು: ಸಾಮೂಹಿಕ ದಾವೆ ಇಲ್ಲದಿದ್ದರೆ ಒಂದು ಕೋಟಿ ಎಪ್ಪತ್ತು ಲಕ್ಷ ಬಿಡಿ ದಾವೆಗಳು ಬರುವುದಿಲ್ಲ, ಒಂದೂ ಬರುವುದಿಲ್ಲ, ಏಕೆಂದರೆ 30 ಡಾಲರಿಗಾಗಿ ಕೋರ್ಟಿಗೆ ಹೋಗುವವನು ಹುಚ್ಚನಾಗಿರಬೇಕು ಇಲ್ಲವೇ ಹಟಮಾರಿಯಾಗಿರಬೇಕು. ಒಬ್ಬೊಬ್ಬರಿಗೆ ಪುಡಿಗಾಸಾದದ್ದು ಲಕ್ಷಾಂತರ ಸಾಧನಗಳನ್ನು ಮಾರಿದ ಕಂಪನಿಯ ಲೆಕ್ಕದಲ್ಲಿ ಬಹು ದೊಡ್ಡ ಮೊತ್ತ. ಆ ಮೊತ್ತವನ್ನು ಯಾರೂ ಎಂದೂ ಕೇಳುವುದಿಲ್ಲ ಎಂದು ಖಚಿತವಾಗಿಬಿಟ್ಟರೆ, ವಿನ್ಯಾಸದ ಮೇಜಿನ ಮುಂದೆ ಕುಳಿತವರಿಗೆ ಅದರ ಬಗ್ಗೆ ಯೋಚಿಸುವ ಕಾರಣವೇ ಉಳಿಯುವುದಿಲ್ಲ.

ಆ ಖಚಿತತೆಯನ್ನು ಕಂಪನಿಗಳಿಗೆ ಒದಗಿಸಲು ಕಾನೂನಿನಲ್ಲಿ ದಾರಿಯೂ ಆಗಿದೆ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಎಟಿ ಆಂಡ್ ಟಿ ಮೊಬಿಲಿಟಿ ಕಂಪನಿಯ ಪ್ರಕರಣದಲ್ಲಿ, ಗ್ರಾಹಕರು ಒಗ್ಗೂಡಿ ದಾವೆ ಹೂಡುವಂತಿಲ್ಲ, ಒಬ್ಬೊಬ್ಬರೇ ಕೋರ್ಟಿನ ಹೊರಗಿನ ಮಧ್ಯಸ್ಥಿಕೆಗೆ ಬರಬೇಕು ಎಂಬ ಕರಾರಿನ ಷರತ್ತನ್ನು 5-4ರ ಬಹುಮತದಿಂದ ಎತ್ತಿಹಿಡಿಯಿತು. ಉಚಿತವೆಂದು ಕೊಟ್ಟ ಫೋನಿನ ಮೇಲೆ ವಸೂಲಾದ 30 ಡಾಲರ್ 22 ಸೆಂಟ್ ತೆರಿಗೆ ಆ ವ್ಯಾಜ್ಯದ ಮೂಲ. ಖರೀದಿಯ ಹೊತ್ತಿನಲ್ಲಿ ನಾವು ಓದದೆ ಒಪ್ಪಿಗೆ ಒತ್ತುವ ಪುಟಗಳಲ್ಲಿ ಇಂಥ ಷರತ್ತು ಇದ್ದರೆ ಸಾಮೂಹಿಕ ದಾವೆಯ ಬಾಗಿಲು ಆಗಲೇ ಮುಚ್ಚಿರುತ್ತದೆ. ಕೋರ್ಟುಗಳು ಇಂಥ ದಾವೆಗಳಿಂದ ತುಂಬಿ ತುಳುಕುತ್ತಿವೆ ಎಂಬ ತಮ್ಮ ಚಿತ್ರವನ್ನು ಒಪ್ಪಲು ನಾನು ಹಿಂಜರಿಯುವುದು ಇದರಿಂದಲೇ.

ವಕೀಲರ ವಿಷಯ ನಾನು ಒಪ್ಪುವ ಎರಡನೆಯ ಮಾತು. ಮೊದಲ ಐಪಾಡ್ ನ್ಯಾನೋದ ಪರದೆಗೆ ಸುಲಭವಾಗಿ ಗೀರು ಬೀಳುತ್ತದೆ ಎಂದು 2005ರಲ್ಲಿ ಹೂಡಿದ ದಾವೆ 2009ರಲ್ಲಿ ರಾಜಿಯಾದಾಗ, ಅರ್ಹರಾದ ಪ್ರತಿಯೊಬ್ಬರಿಗೂ ಗೊತ್ತುಪಡಿಸಿದ ಪರಿಹಾರ 25 ಡಾಲರ್. ಸಾಧನದ ಜೊತೆಗೇ ರಕ್ಷಾಚೀಲ ಪಡೆದಿದ್ದವರಿಗೆ 15. ನಾಲ್ಕು ವರ್ಷ ಕಾದ ಮೇಲೆ, ಅರ್ಜಿ ತುಂಬಿ ಕಳುಹಿಸಿದವರಿಗೆ ಮಾತ್ರ. ಅಷ್ಟರಲ್ಲಿ ಎಷ್ಟೋ ಮಂದಿ ಆ ಸಾಧನವನ್ನೇ ಬಿಟ್ಟಿರುತ್ತಾರೆ. ಕೆಲವು ರಾಜಿಗಳಲ್ಲಂತೂ ಹಣದ ಬದಲು ಅದೇ ಕಂಪನಿಯಲ್ಲಿ ಮತ್ತೆ ಕೊಳ್ಳಲು ರಿಯಾಯಿತಿ ಕೂಪನ್ ಕೊಟ್ಟು, ವಕೀಲರಿಗೆ ಮಾತ್ರ ನಗದು ಕೊಟ್ಟದ್ದೂ ಉಂಟು. ಇದು ಮಿತಿಮೀರಿದ್ದರಿಂದಲೇ 2005ರಲ್ಲಿ ಅಮೆರಿಕದ ಸಂಸತ್ತು, ಕೂಪನ್‌ಗಳ ಆಧಾರದ ಮೇಲೆ ಲೆಕ್ಕ ಹಾಕುವ ವಕೀಲರ ಶುಲ್ಕ ನಿಜವಾಗಿ ಬಳಕೆಯಾದ ಕೂಪನ್‌ಗಳ ಮೌಲ್ಯಕ್ಕೆ ಅನುಗುಣವಾಗಿರಬೇಕು ಎಂಬ ನಿಯಮ ತಂದಿತು. ಆ ನಿಯಮ ಸಾಲದು. ಪರದೆಯ ದೋಷಕ್ಕೆ ನಿಜವಾದ ಪರಿಹಾರವೆಂದರೆ ಒಳ್ಳೆಯ ಪರದೆ. ರಾಜಿ ಒಪ್ಪಂದವನ್ನು ಅನುಮೋದಿಸುವ ನ್ಯಾಯಾಧೀಶರು ದುರಸ್ತಿಯನ್ನೋ ಬದಲಾವಣೆಯನ್ನೋ ಮೊದಲು ಕೇಳಬೇಕು, ಅದು ಆಗದಿದ್ದಲ್ಲಿ ಮಾತ್ರ ಹಣದ ಕಡೆಗೆ ಹೋಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಹಾಗೆ ಮಾಡುವುದು ಕಂಪನಿಗಳಿಗೆ ಅಸಾಧ್ಯವೇ? ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 4 ಟ್ಯಾಬ್ಲೆಟ್‌ಗಳ ಪರದೆ ಬಿಸಿಯಾದಂತೆ ನಡುಗಲು ತೊಡಗಿದಾಗ, ಕೆಲವು ಬಳಕೆದಾರರು ಬೇರೆ ದಾರಿ ಕಾಣದೆ ಅದನ್ನು ಫ್ರೀಜರಿನಲ್ಲಿಟ್ಟು, ತಣ್ಣಗಿರುವಷ್ಟು ಹೊತ್ತು ಕೆಲಸ ಮಾಡಿಕೊಳ್ಳುತ್ತಿದ್ದರು. ದುಬಾರಿ ಬೆಲೆ ಕೊಟ್ಟು ಕೊಂಡ ಸಾಧನವನ್ನು ಹೀಗೆ ಬಳಸಬೇಕಾದವರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ತಿಂಗಳುಗಟ್ಟಲೆ ದೂರುಗಳ ನಂತರ, 2018ರ ಮೇ ತಿಂಗಳಲ್ಲಿ, ಸಾಫ್ಟ್‌ವೇರಿನಿಂದ ಇದು ಸರಿಹೋಗುವುದಿಲ್ಲ ಎಂದು ಕಂಪನಿ ಒಪ್ಪಿಕೊಂಡು, ಖರೀದಿಯಿಂದ ಮೂರು ವರ್ಷಗಳವರೆಗೆ ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಎಲ್ಲ ದೋಷಗಳಿಗೂ ಇಷ್ಟು ಸ್ಪಷ್ಟವಾಗಿ ಉತ್ತರ ಬಂದರೆ ದಾವೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ವಕೀಲರ ಪಾಲಿನ ಬಗ್ಗೆ ತಮಗಿರುವ ಚಿಂತೆಯೂ ಅಲ್ಲಿಗೆ ತೀರುತ್ತದೆ.

ಬೆಲೆ ಏರುತ್ತದೆ ಎಂಬ ಭಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲ ಪರದೆಗಳೂ ಕುಂದಿಲ್ಲದೆ ಇರಬೇಕೆಂದು ಯಾವ ಗಂಭೀರ ದಾವೆಯೂ ಕೇಳುತ್ತಿಲ್ಲ. ದೋಷದ ಮಿತಿಯನ್ನು ಮೊದಲೇ ಪ್ರಕಟಿಸಲು ಕಾರ್ಖಾನೆಯಲ್ಲಿ ಒಂದು ಯಂತ್ರವನ್ನೂ ಬದಲಿಸಬೇಕಿಲ್ಲ. ಈ ಪತ್ರಿಕೆ ಪುಟಗಳನ್ನು ಏಕೆ ಕೊಟ್ಟಿತು ಎಂಬ ತಮ್ಮ ಪ್ರಶ್ನೆಗೂ ಇದೇ ಉತ್ತರ: ಆ ಮಿತಿಗಳನ್ನು ಪ್ರಕಟಿಸಿ ಎಂದು ಕೇಳುವವರು ಹೆಚ್ಚಾಗಬೇಕು, ಅದಕ್ಕೆ ಮೊದಲು ಅಂಥದ್ದೊಂದು ಮಿತಿ ಇದೆ ಎಂಬುದು ಜನರಿಗೆ ತಿಳಿಯಬೇಕು.

ಪತ್ರದ ಕೊನೆಯಲ್ಲಿ, ತಮ್ಮ ಮಗಳು ಹೊಸ ಟ್ಯಾಬ್ಲೆಟ್ ಕೊಳ್ಳಲಿದ್ದಾಳೆ, ದಾವೆಗಿಂತ ಉಪಯುಕ್ತವಾದದ್ದೇನಾದರೂ ಹೇಳಿ ಎಂದಿದ್ದೀರಿ. ಸಂತೋಷದಿಂದ ಹೇಳುತ್ತೇನೆ. ಪೆಟ್ಟಿಗೆ ತೆರೆದ ದಿನವೇ ಪೂರ್ತಿ ಕಪ್ಪು, ಪೂರ್ತಿ ಬಿಳಿ, ನಂತರ ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಪರದೆಯ ತುಂಬ ಇಟ್ಟು, ಕತ್ತಲೆಯ ಕೋಣೆಯಲ್ಲಿ ಒಂದೊಂದನ್ನೇ ನಿಧಾನವಾಗಿ ನೋಡಲಿ. ಕಪ್ಪಿನಲ್ಲಿ ಬೆಳಗುವ ಚುಕ್ಕಿಗಳೂ ಅಂಚಿನಿಂದ ಸೋರುವ ಬೆಳಕೂ, ಬಿಳಿಯಲ್ಲಿ ಸತ್ತ ಚುಕ್ಕಿಗಳೂ ಹಳದಿ ಛಾಯೆಯೂ ಕಾಣುತ್ತವೆ. ನಂತರ ಉದ್ದನೆಯ ಬರಹವೊಂದನ್ನು ತೆರೆದು, ಸಾಧನವನ್ನು ನೆಟ್ಟಗೆ ಹಿಡಿದು ಒಮ್ಮೆ, ಅಡ್ಡ ಹಿಡಿದು ಒಮ್ಮೆ ಸರಿಸಲಿ. ಕಂಡದ್ದನ್ನು ಇನ್ನೊಂದು ಫೋನಿನ ನಿಧಾನಗತಿಯ ವೀಡಿಯೊದಲ್ಲಿ ದಿನಾಂಕ ಸಹಿತ ದಾಖಲಿಸಿಕೊಳ್ಳಲಿ, ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಕೊಡಲಿ. ಇದೆಲ್ಲವೂ ಮಾರಾಟಗಾರರು ಹಿಂದಿರುಗಿಸಲು ಕೊಡುವ ಅವಧಿಯೊಳಗೆ ಮುಗಿಯಬೇಕು. ಅಮೆರಿಕದಲ್ಲಿ ಆಪಲ್ ಕೊಡುವ ಅವಧಿ 14 ದಿನ. ಆ ಅವಧಿಯಲ್ಲಿ ಕಾರಣ ಹೇಳದೆ ಹಿಂದಿರುಗಿಸಬಹುದು. ಅದು ಕಳೆದ ಮೇಲೆ ಉಳಿಯುವುದು ಒಂದು ವರ್ಷದ ವಾರಂಟಿ, ಮತ್ತು ಅದರಡಿಯಲ್ಲಿ ಕಂಡದ್ದು ದೋಷ ಹೌದೋ ಅಲ್ಲವೋ ಎಂದು ಮೊದಲು ತೀರ್ಮಾನಿಸುವವರು ಕಂಪನಿಯವರೇ.

— ಸಂಪಾದಕ